ಎಡ ನಳಿಗೆಯಲ್ಲಿ ಈಡು ಹಾರುತ್ತಿಲ್ಲ: ತಾತನ ಹಳೇ ತೋಟಾ ಕೋವಿ

ಕಕ್ಕಬೆ ತೋಟ:

ನಮಸ್ಕಾರ. ಹಳೇ ಕೋವಿ ರಿಪೇರಿ ಬಗ್ಗೆ ಗೊತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಕೈಲ್ ಪೊಳ್ದ್‌ಗೆ (ನಮ್ಮ ಕೊಡವರ ಆಯುಧ ಪೂಜೆ ಹಬ್ಬ) ಇನ್ನು ಮೂರು ವಾರವೂ ಇಲ್ಲ, ಅದಕ್ಕೇ ಅವಸರ.

ಕೋವಿ ತಾತನದು. 12 ಬೋರ್, ಎರಡು ನಳಿಗೆ ಅಕ್ಕಪಕ್ಕ, ನಡುವೆ ಬಗ್ಗಿಸಿ ತೋಟಾ ಹಾಕುವಂಥದ್ದು. ಹೊರಗೆ ಕುದುರೆ (ಹ್ಯಾಮರ್) ಇಲ್ಲ, ಎಲ್ಲ ಒಳಗೇ. ಟ್ರಿಗರ್ ಎರಡು. ಮಾಡಿದವರ ಹೆಸರು ಸವೆದು ಹೋಗಿದೆ, ಬರ್ಮಿಂಗ್‌ಹ್ಯಾಮ್ ಅನ್ನುವುದು ಮಾತ್ರ ಓದಲು ಬರುತ್ತದೆ. ಕಾಗದಪತ್ರ ಅಪ್ಪನ ಹೆಸರಿಗೆ ಆಗಿದೆ, ಆ ತೊಂದರೆ ಇಲ್ಲ.

ಜನವರಿಯಲ್ಲಿ ತಾತ ತೀರಿಕೊಂಡರು, ಬೆಳಗಿನ ಜಾವ. ನಮ್ಮಲ್ಲಿ ಸಾವಾದರೆ ಎರಡು ಈಡು ಹೊಡೆಯಬೇಕು ಅಂತ ನಿಮಗೆಲ್ಲ ಗೊತ್ತು. ಚಿಕ್ಕಪ್ಪ ಅಂಗಳಕ್ಕೆ ಬಂದು ಹೊಡೆದರು. ಬಲದ್ದು ಹಾರಿತು. ಎಡದ್ದು ಬರೀ ಟಿಕ್ ಅಂದಿತು. ತಕ್ಷಣ ಬಗ್ಗಿಸಿ ಬೇರೆ ತೋಟಾ ಹಾಕಿದರು, ಮತ್ತೆ ಟಿಕ್. ಕೊನೆಗೆ ಬಲ ನಳಿಗೆಗೇ ಇನ್ನೊಂದು ಹಾಕಿ ಹೊಡೆದರು, ಅಷ್ಟರಲ್ಲಿ ಎರಡು ಮೂರು ನಿಮಿಷ ಆಗಿತ್ತು. ಒಂದೇ ಈಡು ಅಂದರೆ ಗಂಡು ಮಗು ಹುಟ್ಟಿದೆ ಅಂತ ಅರ್ಥ ಅಲ್ವಾ. ಹೊಳೆಯ ಆಚೆ ಮನೆಯವರು ಹಾಗೇ ಅಂದುಕೊಂಡು ಖುಷಿ ಪಟ್ಟರಂತೆ, ಆಮೇಲೆ ಎರಡನೆಯದು ಕೇಳಿ ಓಡಿ ಬಂದರು. ಅದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ವಿಚಿತ್ರ ಏನೆಂದರೆ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ನೋಡಿದಾಗ ಎಡದ್ದೂ ಚೆನ್ನಾಗಿ ಹಾರಿತು, ಮೂರಕ್ಕೆ ಮೂರು. ಸರಿಯಾಯಿತು ಅಂದುಕೊಂಡೆವು. ಕಕ್ಕಡ ತಿಂಗಳ 18ರ (ಆಗಸ್ಟ್ ಮೊದಲ ವಾರ) ಮಾರನೇ ದಿನ, ಜೋರು ಮಳೆ ನಿಂತ ಮೇಲೆ ನೋಡಿದರೆ ಮತ್ತೆ ಟಿಕ್. ಎರಡು ತೋಟಾ ಹಾಗೇ ಉಳಿದವು.

ಇನ್ನೆರಡು ತೊಂದರೆ. ಹೊಡೆದ ತೋಟಾ ಕೆಲವೊಮ್ಮೆ ಸಿಕ್ಕಿಕೊಳ್ಳುತ್ತದೆ, ಬಲ ಹಾಕಿ ಎಳೆಯಬೇಕು. ಮತ್ತೆ, ಮುಚ್ಚಿದ ಮೇಲೆ, ಕೋವಿ ತೆರೆಯುವ ಮೇಲಿನ ಲಿವರ್ ಮೊದಲು ಸ್ವಲ್ಪ ಬಲಕ್ಕೆ ನಿಲ್ಲುತ್ತಿತ್ತು, ಈಗ ಸರಿಯಾಗಿ ನಡುವಿಗೆ ಬಂದಿದೆ. ಇದೆಲ್ಲ ಒಂದಕ್ಕೊಂದು ಸಂಬಂಧವಾ?

ತಿತಿಮತಿ 12 ಬೋರ್:

ಮೊದಲು ಒಂದು ಮಾತು. ಟಿಕ್ ಅಂದ ತಕ್ಷಣ ಬಗ್ಗಿಸಿದ್ದು ದೊಡ್ಡ ತಪ್ಪು. ಕೇಪು (ತೋಟಾ ಹಿಂಭಾಗದಲ್ಲಿ ಪಿನ್ನು ಗುದ್ದಿದಾಗ ಕಿಡಿ ಕೊಡುವ ಭಾಗ) ಒಳಗೆ ನಿಧಾನವಾಗಿ ಉರಿಯುತ್ತಿದ್ದರೆ ಸ್ವಲ್ಪ ತಡವಾಗಿ ಸಿಡಿಯುತ್ತದೆ. ಆಗ ಕೋವಿ ಬಾಯಿ ತೆರೆದಿದ್ದರೆ ತೋಟಾ ನಿಮ್ಮ ಮುಖದ ಕಡೆಗೇ ಒಡೆಯುತ್ತದೆ. ನಳಿಗೆಯನ್ನು ಯಾರೂ ಇಲ್ಲದ ದಿಕ್ಕಿಗೆ ಹಿಡಿದು ಒಂದು ನಿಮಿಷ ಸುಮ್ನೆ ನಿಲ್ಲಬೇಕು, ಆಮೇಲೆ ಮುಖ ಪಕ್ಕಕ್ಕೆ ಇಟ್ಟುಕೊಂಡು ಬಗ್ಗಿಸಬೇಕು. ದುಃಖದ ಮನೆಯಲ್ಲಿ ಇದು ನೆನಪಾಗುವುದು ಕಷ್ಟ, ಆದರೂ ಚಿಕ್ಕಪ್ಪನಿಗೆ ಹೇಳಿ.

ನನಗೆ ಅನಿಸುವುದು ತೋಟಾ ಶೀತ ಹಿಡಿದಿದೆ ಅಂತ. ಜನವರಿ ಮಂಜು, ಆಗಸ್ಟ್ ಮಳೆ, ಎರಡೂ ಸಲ ತೇವ. ಏಪ್ರಿಲ್ ಒಣ. ತೋಟಾ ಎಲ್ಲಿ ಇಟ್ಟಿದ್ದೀರಿ? ನಮ್ಮ ಮನೆಯಲ್ಲಿ ಗಾಳಿ ಹೋಗದ ಬಿಸ್ಕೆಟ್ ಡಬ್ಬದಲ್ಲಿ ಇಡುತ್ತೇವೆ, ಜೊತೆಗೆ ಔಷಧಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ನಾಲ್ಕೈದು.

ಕಕ್ಕಬೆ ತೋಟ:

ಒಂದು ನಿಮಿಷ ಕಾಯುವ ವಿಷಯ ನಮಗೆ ನಿಜಕ್ಕೂ ಗೊತ್ತಿರಲಿಲ್ಲ. ಚಿಕ್ಕಪ್ಪನಿಗೆ ಈಗಲೇ ಫೋನ್ ಮಾಡಿ ಹೇಳಿದೆ.

ತೋಟಾ ಹೊಸದು, ಪ್ಲಾಸ್ಟಿಕ್ ಕೇಸು, ಹೋದ ವರ್ಷ ತಂದದ್ದು. ಅದೇ ಪೆಟ್ಟಿಗೆಯದು ಬಲ ನಳಿಗೆಯಲ್ಲಿ ಒಂದೂ ತಪ್ಪದೆ ಹಾರುತ್ತದೆ. ಹಾಗಾಗಿ ತೋಟಾ ಮೇಲೆ ನನಗೆ ಅನುಮಾನ ಇಲ್ಲ.

ಹಳೇ ಕುದುರೆ, ವಿರಾಜಪೇಟೆ:

ಒಳ್ಳೆಯದು, ಅರ್ಧ ಉತ್ತರ ನೀವೇ ಹೇಳಿದಿರಿ. ಈಗ ಒಂದು ಕೆಲಸ ಮಾಡಿ. ಹಾರದೆ ಉಳಿದ ಆ ಎರಡು ತೋಟಾ ಮತ್ತು ಬಲದಲ್ಲಿ ಹಾರಿದ ಒಂದು ಖಾಲಿ ಕೇಸು ಪಕ್ಕಪಕ್ಕ ಇಟ್ಟು ಕೇಪಿನ ಮೇಲಿನ ಕುಳಿ ನೋಡಿ. ಕಿಟಕಿ ಬೆಳಕಿನಲ್ಲಿ ಓರೆಯಾಗಿ ಹಿಡಿಯಿರಿ. ಕುಳಿ ಆಳ ಒಂದೇ ಥರ ಇದ್ದರೆ ತೋಟಾ ತಪ್ಪು. ಎಡದ್ದು ಮೇಲುಮೇಲಿದ್ದರೆ ಕೋವಿ ತಪ್ಪು. ನೋಡಿದ ಮೇಲೆ ಆ ಎರಡನ್ನು ಮತ್ತೆ ಕೋವಿಗೆ ಹಾಕಬೇಡಿ, ತೋಟಾ ಮಾರುವ ಅಂಗಡಿಗೆ ವಾಪಸ್ ಕೊಡಿ.

ಇನ್ನು ಮೂರು ಪ್ರಶ್ನೆ. ತಾತ ಕೋವಿಗೆ ಯಾವ ಎಣ್ಣೆ ಹಾಕುತ್ತಿದ್ದರು? ಕೋವಿಯನ್ನು ಹೇಗೆ ನಿಲ್ಲಿಸುತ್ತೀರಿ, ನಳಿಗೆ ಮೇಲಕ್ಕಾ ಕೆಳಕ್ಕಾ? ಎಡ ನಳಿಗೆಯಲ್ಲಿ ವರ್ಷಕ್ಕೆ ಎಷ್ಟು ಈಡು ಹೊಡೆಯುತ್ತೀರಿ?

ಕಕ್ಕಬೆ ತೋಟ:

ನೋಡಿದೆ ಸರ್. ಬಲದ ಕೇಸಿನಲ್ಲಿ ಕುಳಿ ಆಳವಾಗಿ, ಗುಂಡಗೆ, ಒಳ್ಳೆ ಬಟ್ಟಲಿನ ಹಾಗೆ ಇದೆ. ಎಡದ ಎರಡರಲ್ಲೂ ಬೆರಳಿಗೆ ಸಿಗದಷ್ಟು ಕಡಿಮೆ, ಉಗುರಿನಲ್ಲಿ ಗೀರಿದರೆ ಮಾತ್ರ ತಿಳಿಯುತ್ತದೆ. ಇನ್ನೊಂದು ವಿಷಯ, ಕುಳಿ ಗುಂಡಗೆ ಇಲ್ಲ. ಒಂದು ಕಡೆ ಚೂರು ಕಿತ್ತ ಹಾಗೆ, ತಿಂಗಳ ಕೊನೆಯ ಚಂದ್ರನ ಥರ.

ಎಣ್ಣೆ ತೆಂಗಿನೆಣ್ಣೆ. ನನಗೆ ನೆನಪಿರುವ ಕಾಲದಿಂದ ಅದೇ. ಪ್ರತಿ ವರ್ಷ ಕೈಲ್ ಪೊಳ್ದ್‌ಗೆ ಹಿಂದಿನ ದಿನ ತಾತ ಜಗಲಿಯಲ್ಲಿ ಕೂತು ಹಳೇ ಪಂಚೆ ಚೂರಿನಲ್ಲಿ ಅದ್ದಿ ಅದ್ದಿ ಉಜ್ಜುತ್ತಿದ್ದರು, ಆಮೇಲೆ ಆ ಪಿನ್ನು ಬರುವ ತೂತುಗಳಿಗೂ ಎರಡೆರಡು ಹನಿ. ಕೋವಿ ಮೂಲೆಯಲ್ಲಿ ನಿಲ್ಲುವುದು ಹಿಡಿ ಕೆಳಗೆ, ನಳಿಗೆ ಮೇಲೆ. ಎಲ್ಲರ ಮನೆಯಲ್ಲೂ ಹಾಗೇ ಅಲ್ವಾ?

ಎಡದ್ದು ಹೊಡೆಯುವುದೇ ಇಲ್ಲ ಅನ್ನಬಹುದು. ಹುತ್ತರಿ ಸುಗ್ಗಿ ಹಬ್ಬಕ್ಕೆ ಕದಿರು ತೆಗೆಯುವಾಗ ಒಂದು, ತೆಂಗಿನಕಾಯಿಗೆ ಹೊಡೆಯುವಾಗಲೂ ಒಂದೊಂದೇ, ಎಲ್ಲ ಮುಂದಿನ ಟ್ರಿಗರ್‌ನಲ್ಲೇ ಆಗುತ್ತದೆ. ಎಡದ್ದು ಬೇಕಾಗುವುದು ಸಾವಿಗೆ ಮಾತ್ರ.

ಹಳೇ ಕುದುರೆ, ವಿರಾಜಪೇಟೆ:

ಹಾಗಾದರೆ ಕೇಳಿ. ನಾನು ಕೋವಿ ರಿಪೇರಿಯವನಲ್ಲ, ಆದರೆ ನಮ್ಮ ತಂದೆ ಜೊತೆ ಒಬ್ಬ ಒಳ್ಳೆಯ ಕೆಲಸಗಾರರ ಅಂಗಡಿಯಲ್ಲಿ ತುಂಬಾ ಮಧ್ಯಾಹ್ನ ಕಳೆದಿದ್ದೇನೆ, ಇಂಥ ಕೋವಿ ಬಿಚ್ಚುವುದನ್ನು ಹತ್ತಾರು ಸಲ ನೋಡಿದ್ದೇನೆ.

ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಕೆಳಗೆ ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ಬಾಟಲಿ ತಲೆಕೆಳಗೆ ಮಾಡಿದರೂ ಬೀಳುವುದಿಲ್ಲ, ಬಿಸಿನೀರಿನಲ್ಲಿ ಇಡಬೇಕು. ಕಕ್ಕಬೆಯಲ್ಲಿ ಜನವರಿ ಬೆಳಗಿನ ಜಾವ ಎಷ್ಟು ಚಳಿ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆ ಬಾಟಲಿಯಲ್ಲಿ ಆಗುವುದೇ ನಿಮ್ಮ ಕೋವಿಯ ಹೊಟ್ಟೆಯಲ್ಲೂ ಆಗಿದೆ. ಒಳಗಿನ ಕುದುರೆ ಸ್ಪ್ರಿಂಗ್ ಬಲದಲ್ಲಿ ಮುಂದೆ ಹಾರಿ ಪಿನ್ನಿನಿಂದ ಕೇಪಿಗೆ ಗುದ್ದಬೇಕು. ಮಧ್ಯೆ ಬೆಣ್ಣೆಯಂಥ ಎಣ್ಣೆ ಕೂತಿದ್ದರೆ ಅರ್ಧ ಬಲ ಅದರಲ್ಲೇ ಹೋಗುತ್ತದೆ. ಏಪ್ರಿಲ್ ಮಧ್ಯಾಹ್ನ ಎಣ್ಣೆ ಕರಗಿತ್ತು, ಹಾರಿತು. ಮಳೆಯಲ್ಲಿ ಮತ್ತೆ ತಂಪು, ಮತ್ತೆ ಟಿಕ್. ತಿತಿಮತಿಯವರು ಹೇಳಿದ ಚಳಿ ಮಳೆ ಲೆಕ್ಕ ಸರಿಯೇ, ಆದರೆ ಶೀತ ತಗಲಿದ್ದು ತೋಟಾಗೆ ಅಲ್ಲ.

ಎಡದ್ದೇ ಯಾಕೆ? ಇಂಥ ಕೋವಿಯಲ್ಲಿ ಎರಡು ನಳಿಗೆಗೆ ಎರಡು ಬೇರೆ ಬೇರೆ ಲಾಕ್. ಕುದುರೆ, ಸ್ಪ್ರಿಂಗ್, ಎಲ್ಲ ಬೇರೆ. 1875ರಲ್ಲಿ ಆನ್ಸನ್ ಮತ್ತು ಡೀಲಿ ಅಂತ ಇಬ್ಬರು ಬರ್ಮಿಂಗ್‌ಹ್ಯಾಮ್‌ನಲ್ಲಿ ಈ ಥರದ ಬಾಕ್ಸ್‌ಲಾಕ್ ಮಾಡಿದರು, ಹೊರಗೆ ಕುದುರೆ ಇಲ್ಲದ ಹಳೇ ಕೋವಿಗಳು ಹೆಚ್ಚಿನವು ಅದೇ ಮಾದರಿ. ನಳಿಗೆ ಬಗ್ಗಿಸಿದರೆ ಒಳಗಿನ ಎರಡು ಕುದುರೆಯೂ ಏರುತ್ತವೆ. ಮುಂದಿನ ಟ್ರಿಗರ್ ಬಲಕ್ಕೆ, ಹಿಂದಿನದು ಎಡಕ್ಕೆ. ಬಲದ ಲಾಕ್ ಹೊಡೆದು ಹೊಡೆದು ತನ್ನ ದಾರಿ ತಾನೇ ಚೊಕ್ಕ ಮಾಡಿಕೊಂಡಿದೆ. ಎಡದ್ದು ವರ್ಷಾನುಗಟ್ಟಲೆ ಮಲಗಿದೆ, ವರ್ಷ ವರ್ಷ ಅದರ ಮೇಲೆ ಎರಡು ಹನಿ ಬಿದ್ದಿದೆ. ಹಳೇ ಎಣ್ಣೆ ವರ್ಷ ಕಳೆದಂತೆ ಅಂಟಾಗುತ್ತದೆ.

ಇನ್ನು ಆ ಕಿತ್ತುಹೋದ ಚಂದ್ರನ ಗುರುತು. ಅದು ಎಣ್ಣೆಯದಲ್ಲ. ಪಿನ್ನಿನ ತುದಿ ತುಕ್ಕು ಹಿಡಿದು ಒಂದು ಬದಿ ಮುರಿದಿದೆ ಅಂತ ನನ್ನ ಅಂದಾಜು. ಬರೀ ತೊಳೆದರೆ ಸಾಲದು, ಹೊಸ ಪಿನ್ನು ಬೇಕು. ಮುರಿದ ತುದಿ ಚೂಪಾಗಿದ್ದರೆ ಕೇಪು ತೂತಾಗಿ ಗ್ಯಾಸ್ ಹಿಂದಕ್ಕೆ ಹೊಡೆಯುವ ಅಪಾಯವೂ ಇದೆ. ಅಲ್ಲಿಯವರೆಗೆ ಆ ಕೋವಿಯನ್ನು ಹೊಡೆಯಬೇಡಿ. ಟ್ರಿಗರ್ ನೋಡಲೇಬೇಕು ಅಂದರೆ ಸ್ನ್ಯಾಪ್ ಕ್ಯಾಪ್ ಅಂತ ಡಮ್ಮಿ ತೋಟಾ ಸಿಗುತ್ತದೆ, ಅದನ್ನು ಹಾಕಿ ನೋಡಿ. ಖಾಲಿ ಕೋವಿಯಲ್ಲಿ ಟಿಕ್ ಟಿಕ್ ಅನಿಸುತ್ತಾ ಕೂತರೆ ಹಳೇ ಪಿನ್ನು ಮುರಿಯುವುದೇ ಹಾಗೆ.

ಗೋಣಿಕೊಪ್ಪ ಜೀಪ್:

ಇಷ್ಟೆಲ್ಲ ಯಾಕೆ ಬ್ರೋ. ಸ್ಕ್ರೂ ಬಿಚ್ಚಿ ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆ ಹಾಕಿ, ಆಯ್ತು. ಲಿವರ್ ನಡುವಿಗೆ ಬಂದಿದ್ದಕ್ಕೆ ನಮ್ಮ ಊರಿನ ಕಮ್ಮಾರರು ನಳಿಗೆ ಅಡಿಯ ಕೊಕ್ಕೆಗೆ ಎರಡು ಸುತ್ತಿಗೆ ಪೆಟ್ಟು ಕೊಡುತ್ತಾರೆ, ಇಲ್ಲ ಅಂದರೆ ಚೂರು ವೆಲ್ಡಿಂಗ್. ನಮ್ಮ ಮಾವನ ಕೋವಿಗೆ ಹಾಗೇ ಮಾಡಿಸಿದ್ದು, ಟೈಟ್ ಆಯಿತು.

ಹಳೇ ಕುದುರೆ, ವಿರಾಜಪೇಟೆ:

ದಯವಿಟ್ಟು ಹಾಗೆ ಮಾಡಿಸಬೇಡಿ. ಕೋಪದಲ್ಲಿ ಹೇಳುತ್ತಿಲ್ಲ, ಭಯದಲ್ಲಿ ಹೇಳುತ್ತಿದ್ದೇನೆ. ಎರಡು ನಳಿಗೆಯನ್ನು ಸೇರಿಸಿರುವ ನಡುಪಟ್ಟಿ ಬೆಸುಗೆ ಹಾಕಿ ಕೂರಿಸಿದ್ದು, ತವರದ ಮೆದು ಬೆಸುಗೆ. ಹತ್ತಿರದಲ್ಲಿ ವೆಲ್ಡಿಂಗ್ ಮಾಡಿದರೆ ಅದು ಕರಗಿ ಸಡಿಲ ಆಗುತ್ತದೆ, ಒಳಗೆ ನೀರು ಸೇರಿ ಕಾಣದ ಹಾಗೆ ತುಕ್ಕು ತಿನ್ನುತ್ತದೆ. ಸುತ್ತಿಗೆ ಪೆಟ್ಟಿಗೆ ಕಬ್ಬಿಣ ಚಪ್ಪಟೆಯಾಗಿ ಸ್ವಲ್ಪ ದಿನ ಬಿಗಿಯಾಗಿರುತ್ತದೆ, ಇಪ್ಪತ್ತು ಈಡಿಗೆ ಮತ್ತೆ ಸಡಿಲ. ಮಾವನ ಕೋವಿಯನ್ನು ದಯವಿಟ್ಟು ಒಮ್ಮೆ ಬಲ್ಲವರಿಗೆ ತೋರಿಸಿ.

ಸ್ಕ್ರೂ ವಿಷಯ. ಒಳ್ಳೆಯ ಇಂಗ್ಲಿಷ್ ಕೋವಿಯಲ್ಲಿ ಸ್ಕ್ರೂ ತಲೆಯ ಸೀಳು ಕೂದಲಿನಷ್ಟು ಸಣ್ಣ, ಮಾಮೂಲಿ ಸ್ಕ್ರೂಡ್ರೈವರ್ ತುದಿ ಒಳಗೆ ಹೋಗುವುದೇ ಇಲ್ಲ. ಮಾಡಿದವರು ಎಲ್ಲ ಸೀಳನ್ನೂ ನಳಿಗೆಯ ನೇರಕ್ಕೆ ನಿಲ್ಲಿಸಿರುತ್ತಾರೆ. ನಿಮ್ಮದರಲ್ಲಿ ಒಂದು ಸೀಳು ಓರೆ ನಿಂತಿದ್ದರೆ, ಅಂಚು ಕಿತ್ತಿದ್ದರೆ, ಹಿಂದೆ ಯಾರೋ ಕೈ ಹಾಕಿದ್ದಾರೆ ಅಂತ ಅರ್ಥ.

ಲಿವರ್ ನಡುವಿಗೆ ಬರುವುದು ಅಷ್ಟು ದೊಡ್ಡ ಕಾಯಿಲೆ ಅಲ್ಲ. ಹೊಸದರಲ್ಲಿ ಸ್ವಲ್ಪ ಬಲಕ್ಕೆ ನಿಲ್ಲುತ್ತದೆ, ಸವೆದಂತೆ ನಡುವಿಗೆ ಬರುತ್ತದೆ. ನಡು ದಾಟಿ ಎಡಕ್ಕೆ ಹೋದರೆ ಯೋಚಿಸಬೇಕು. ಮನೆಯಲ್ಲೇ ನೋಡಬಹುದು. ಎರಡೂ ನಳಿಗೆ ಖಾಲಿ ಅಂತ ಕಣ್ಣಿನಲ್ಲೂ ಬೆರಳಿನಲ್ಲೂ ನೋಡಿ. ಮುಂದಿನ ಮರ ತೆಗೆದು, ಕೋವಿ ಮುಚ್ಚಿ, ಹಿಡಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಗಡಗಡ ಅಂದರೆ ಸಡಿಲ. ಆಮೇಲೆ ಬೆಳಕಿಗೆ ಎತ್ತಿ ನಳಿಗೆ ಮತ್ತು ಆಕ್ಷನ್ (ಲಾಕ್ ಇರುವ ಕಬ್ಬಿಣದ ಭಾಗ) ಮುಖ ಸೇರುವ ಜಾಗ ನೋಡಿ. ಬೆಳಕಿನ ಗೆರೆ ಕಂಡರೆ, ಒಂದು ಸಿಗರೇಟ್ ಪೇಪರ್ ಸಲೀಸಾಗಿ ಜಾರಿದರೆ, ಆ ಕೋವಿ ರಿಪೇರಿ ಆಗುವವರೆಗೆ ಗೋಡೆಗೇ ಇರಲಿ.

ನಳಿಗೆ ಬಿಚ್ಚಿದಾಗ ಇನ್ನೊಂದು ಮಾಡಿ. ಅಡಿಯ ಕೊಕ್ಕೆಗೆ ದಾರ ಕಟ್ಟಿ ತೂಗಿಸಿ, ಉಗುರಿನಿಂದ ತಟ್ಟಿ. ದೇವಸ್ಥಾನದ ಸಣ್ಣ ಗಂಟೆ ಥರ ನಾದ ಎಳೆದರೆ ನಡುಪಟ್ಟಿ ಚೆನ್ನಾಗಿದೆ. ಒಡೆದ ಮಡಕೆ ಥರ ಡಬ್ ಅಂದರೆ ಎಲ್ಲೋ ಬಿಟ್ಟಿದೆ. ಅಡಿಯಲ್ಲಿ ಏನೇನು ಕೆತ್ತಿದೆ ಅಂತಲೂ ಬರೆಯಿರಿ.

ಕಕ್ಕಬೆ ತೋಟ:

ಬೆಳಕಿನ ಗೆರೆ ಇಲ್ಲ, ಪೇಪರ್ ಹೋಗುವುದಿಲ್ಲ, ಅಲ್ಲಾಡುವುದಿಲ್ಲ. ನಾದ ಬಂತು ಸರ್! ಅಮ್ಮ ಅಡುಗೆಮನೆಯಿಂದ ಯಾರು ಗಂಟೆ ಹೊಡೆದದ್ದು ಅಂತ ಕೇಳಿದರು.

ಸ್ಕ್ರೂ ಸೀಳು ಎಲ್ಲ ನೇರ ಇದೆ, ಒಂದು ಬಿಟ್ಟು. ಅಡಿಯಲ್ಲಿ ಕಿರೀಟದ ಕೆಳಗೆ ಸಣ್ಣ ಅಕ್ಷರಗಳು, 12, 2½, ಆಮೇಲೆ ನೈಟ್ರೋ ಪ್ರೂಫ್ 1⅛ ಅಂತ ಇದೆ. ಇದರ ಅರ್ಥ?

ಹಳೇ ಕುದುರೆ, ವಿರಾಜಪೇಟೆ:

ತುಂಬಾ ಒಳ್ಳೆಯ ಸುದ್ದಿ, ಜೊತೆಗೆ ಒಂದು ಎಚ್ಚರಿಕೆ.

ಬರ್ಮಿಂಗ್‌ಹ್ಯಾಮ್‌ನಲ್ಲಿ 1813ರಿಂದ ಪ್ರೂಫ್ ಹೌಸ್ ಇದೆ. ಹೊಸ ನಳಿಗೆಗೆ ಜಾಸ್ತಿ ಮದ್ದು ಹಾಕಿ ಸಿಡಿಸಿ ನೋಡಿ, ತಡೆದರೆ ಮುದ್ರೆ ಒತ್ತುತ್ತಾರೆ. ನೈಟ್ರೋ ಅಂದರೆ ಹೊಗೆ ಇಲ್ಲದ ಮದ್ದಿಗೂ ಪರೀಕ್ಷೆ ಆಗಿದೆ ಅಂತ. 1⅛ ಅಂದರೆ ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) 1⅛ ಔನ್ಸ್, ಸುಮಾರು 32 ಗ್ರಾಂ, ಅದಕ್ಕಿಂತ ಜಾಸ್ತಿ ಹಾಕಬಾರದು. ನೈಟ್ರೋ ಮುದ್ರೆ ಇಲ್ಲದ, ನಳಿಗೆ ಮೇಲೆ ಹಾವಿನ ಚರ್ಮದಂಥ ಬಳ್ಳಿ ಗೆರೆ ಇರುವ ಡಮಾಸ್ಕಸ್ ಕೋವಿ ಯಾರ ಮನೆಯಲ್ಲಾದರೂ ಇದ್ದರೆ ಅದಕ್ಕೆ ಅಂಗಡಿ ತೋಟಾ ಹಾಕಲೇಬೇಡಿ. ಅವುಗಳಲ್ಲಿ ತುಂಬಾ ಕೋವಿ ಕರಿಮದ್ದಿಗೆ ಮಾತ್ರ ಪರೀಕ್ಷೆ ಆದವು.

ಎಚ್ಚರಿಕೆ ಆ 2½ರಲ್ಲಿದೆ. ನಿಮ್ಮ ಕೋವಿಯ ತೋಟಾ ಕೂರುವ ಕೋಣೆ ಎರಡೂವರೆ ಇಂಚು, 65 ಮಿಲಿಮೀಟರ್ ತೋಟಾಗೆ ಮಾಡಿದ್ದು. ಈಗ ಜಾಸ್ತಿ ಸಿಗುವುದು 70ರದು. ಮೋಸ ಏನೆಂದರೆ 70ರ ತೋಟಾ ಸಲೀಸಾಗಿ ಒಳಗೆ ಹೋಗುತ್ತದೆ, ಯಾಕೆಂದರೆ ಹೊಡೆಯುವ ಮೊದಲು ಅದರ ಬಾಯಿ ಮಡಚಿರುತ್ತದೆ. ಹೊಡೆದಾಗ ಮಡಿಕೆ ಬಿಚ್ಚಿ ಉದ್ದ ಆಗಿ, ಕೋಣೆ ಮುಗಿದು ನಳಿಗೆ ಕಿರಿದಾಗುವ ಜಾಗಕ್ಕೆ ನುಗ್ಗುತ್ತದೆ. ಚರೆಗೆ ದಾರಿ ಕಿರಿದಾಗಿ ಒತ್ತಡ ಏರುತ್ತದೆ. ನಿಮ್ಮ ಖಾಲಿ ಕೇಸು ಸಿಕ್ಕಿಕೊಳ್ಳುವುದಕ್ಕೆ ಇದೇ ಕಾರಣ ಇರಬಹುದು. ಖಾಲಿ ಕೇಸಿನ ಬಾಯಿ ಅಂಚು ನೋಡಿ, ಹರಿದ ಹಾಗೆ, ಸುಟ್ಟ ಹಾಗೆ ಇದೆಯಾ?

ಕಕ್ಕಬೆ ತೋಟ:

ಹೌದು. ಅಂಚು ನಾರು ನಾರಾಗಿ ಹರಿದಿದೆ. ಪೆಟ್ಟಿಗೆ ಮೇಲೆ 70 ಅಂತಲೇ ಇದೆ. ಇಷ್ಟು ವರ್ಷ ಇದನ್ನೇ ಹಾಕಿದ್ದೇವೆ.

ಬಾಳೆಲೆ ಅಕ್ಕ:

ನಾನು ಎರಡು ಮಾತು ಸೇರಿಸುತ್ತೇನೆ. ನಮ್ಮ ಮನೆಯಲ್ಲಿ ಕೋವಿ ನೋಡಿಕೊಳ್ಳುವುದು ನಾನೇ, ಊರಿನ ತೆಂಗಿನಕಾಯಿ ಸ್ಪರ್ಧೆಗೆ ಪ್ರತಿ ವರ್ಷ ನಿಲ್ಲುತ್ತೇನೆ.

ನಳಿಗೆ ಮೇಲೆ ಮಾಡಿ ನಿಲ್ಲಿಸಬೇಡಿ. ಎಣ್ಣೆ ಇಳಿದು ಇಳಿದು ಲಾಕ್ ಒಳಗೆ ಸೇರುತ್ತದೆ, ಅಲ್ಲಿಂದ ಮರದ ಹಿಡಿಗೆ. ಹಿಡಿಯ ಮರ ಕಬ್ಬಿಣಕ್ಕೆ ಸೇರುವ ಜಾಗ ಕಪ್ಪಗಿದೆಯಾ ನೋಡಿ. ಎಣ್ಣೆ ಕುಡಿದ ಮರ ಮೆತ್ತಗಾಗಿ ಪ್ರತಿ ಈಡಿಗೂ ಜಜ್ಜಿಕೊಳ್ಳುತ್ತದೆ, ಕೊನೆಗೆ ಸೀಳುತ್ತದೆ. ಕೋವಿಯನ್ನು ನಳಿಗೆ ಕೆಳಗೆ ಮಾಡಿ, ಅಡಿಗೆ ಒಂದು ಬಟ್ಟೆ ಮಡಚಿ ಇಟ್ಟು ನಿಲ್ಲಿಸಿ. ಚರ್ಮದ ಚೀಲದಲ್ಲಿ ಮಳೆಗಾಲ ಪೂರ್ತಿ ಬಿಡಬೇಡಿ, ಚರ್ಮ ತೇವ ಹೀರಿ ಕಬ್ಬಿಣಕ್ಕೆ ಕೊಡುತ್ತದೆ.

ಎರಡನೆಯದು ಇನ್ನೂ ಮುಖ್ಯ. ತೋಟಾ ಹಾಕುವ ಮೊದಲು ಪ್ರತಿ ಸಲ ನಳಿಗೆ ಬೆಳಕಿಗೆ ಹಿಡಿದು ಆಚೆ ತುದಿ ಕಾಣುತ್ತದಾ ನೋಡಿ. ಎರಡು ವರ್ಷ ಹಿಂದೆ ಕೈಲ್ ಪೊಳ್ದ್ ಬೆಳಿಗ್ಗೆ ನೋಡಿದರೆ ನಮ್ಮ ಬಲ ನಳಿಗೆ ಕತ್ತಲು. ಕುಂಬಾರ ಹುಳ ಒಳಗೆ ಮಣ್ಣಿನ ಗೂಡು ಕಟ್ಟಿತ್ತು, ಹೆಬ್ಬೆರಳಿನಷ್ಟು. ಕೋಲಿನಿಂದ ತಳ್ಳಿದರೆ ಗಟ್ಟಿ ಇಟ್ಟಿಗೆ ಥರ ಉದುರಿತು, ಒಳಗೆ ಹಸಿರು ಹುಳಗಳು. ಅದರ ಮೇಲೆ ಹೊಡೆದಿದ್ದರೆ ನಳಿಗೆ ಅಲ್ಲೇ ಸಿಡಿಯುತ್ತಿತ್ತು, ಎಡಗೈ ಇರುವುದು ಅದರ ಕೆಳಗೇ.

ತಿತಿಮತಿ 12 ಬೋರ್:

ಅಕ್ಕ ಹೇಳಿದ್ದು ಸರಿ, ನಾನು ಈಗಲೇ ನಮ್ಮದು ನೋಡಿ ಬಂದೆ. ನಂದು ತೋಟಾ ಅನುಮಾನ ತಪ್ಪಾಯಿತು, ಒಪ್ಪಿದೆ.

ಒಂದು ವಿಷಯ ಮರೆಯಬೇಡಿ. ನಮಗೆ ಕೊಡವರಿಗೆ ಕೋವಿ ಲೈಸೆನ್ಸ್ ವಿನಾಯಿತಿ 2029ರ ಅಕ್ಟೋಬರ್ 31ರವರೆಗೆ ಇದೆ, ಆದರೆ ರಿಪೇರಿ ಮಾಡುವವರಿಗೆ ಲೈಸೆನ್ಸ್ ಇರಲೇಬೇಕು. ಗ್ಯಾರೇಜಿನವರಿಗೆ ಕೊಡಬೇಡಿ. ಜಿಲ್ಲೆಯಿಂದ ಹೊರಗೆ ತೆಗೆದುಕೊಂಡು ಹೋಗುವುದಾದರೆ ಮೊದಲು ಪೊಲೀಸ್ ಠಾಣೆಯಲ್ಲಿ ಕೇಳಿಕೊಳ್ಳಿ, ವಿನಾಯಿತಿ ಪತ್ರ ಜೊತೆಗೆ ಇರಲಿ.

ಕಕ್ಕಬೆ ತೋಟ:

ಹನ್ನೊಂದು ದಿನ ಆಯಿತು, ಏನಾಯಿತು ಅಂತ ಬರೆಯುತ್ತೇನೆ.

ಲೈಸೆನ್ಸ್ ಇರುವ ಒಬ್ಬ ಹಿರಿಯ ಕೆಲಸಗಾರರ ಹತ್ತಿರ ಅಪ್ಪನ ಜೊತೆ ಹೋದೆ. ಪಕ್ಕದಲ್ಲಿ ಕೂತು ನೋಡಲು ಬಿಟ್ಟರು. ಹಿಡಿ ಬಿಚ್ಚಿದಾಗ ಮೊದಲು ಬಂದದ್ದು ವಾಸನೆ, ಕಮಟು ತೆಂಗಿನೆಣ್ಣೆ ವಾಸನೆ, ಹಳೇ ಕೊಬ್ಬರಿ ಚೀಲದ್ದು. ಒಂದು ಕ್ಷಣ ತಾತ ಪಕ್ಕದಲ್ಲೇ ಇದ್ದ ಹಾಗಾಯಿತು, ಅಪ್ಪನೂ ಏನೂ ಮಾತಾಡಲಿಲ್ಲ. ಎಡ ಲಾಕ್ ಒಳಗೆ ಜೇನುಮೇಣದ ಬಣ್ಣದ ಅಂಟು, ಬೆರಳಿಗೆ ಎಳೆ ಎಳೆಯಾಗಿ ಬಂತು. ಕುದುರೆ ಹಿಂದಕ್ಕೆ ತಳ್ಳಿ ಬಿಟ್ಟರೆ ನಿಧಾನವಾಗಿ, ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ಹಾಗೆ ಮುಂದೆ ಬರುತ್ತಿತ್ತು. ಬಲದ್ದು ಫಟ್ ಅಂತ ಬಂತು. ಪಿನ್ನಿನ ತುದಿ ನೀವು ಹೇಳಿದ ಹಾಗೇ ಒಂದು ಬದಿ ಹಾರಿತ್ತು.

ಸ್ಪ್ರಿಂಗ್ ಚೆನ್ನಾಗಿದೆ ಅಂದರು. ಎಲ್ಲ ತೊಳೆದು ಒಣಗಿಸಿ ಕೋವಿಗೆಂದೇ ಬರುವ ತೆಳು ಎಣ್ಣೆ ಗರಿಯ ತುದಿಯಲ್ಲಿ ಮುಟ್ಟಿಸಿದರು, ಅಷ್ಟೇ, ಹನಿ ಕೂಡ ಅಲ್ಲ. ಹೊಸ ಪಿನ್ನು ಅವರೇ ಕಡೆದು ಹಾಕಿದರು. ಕೋಣೆಯಲ್ಲಿ ಸಣ್ಣ ತುಕ್ಕಿನ ಚುಕ್ಕೆ ಇತ್ತು, ಹೊಳಪು ಕೊಟ್ಟರು. 65ರ ತೋಟಾ ಒಂದು ಪೆಟ್ಟಿಗೆ ಹುಡುಕಿ ತಂದೆವು. ನಿನ್ನೆ ಬೆಳಿಗ್ಗೆ ಆರೂವರೆಗೆ, ಮಂಜು ಇರುವಾಗಲೇ ನೋಡಿದೆವು. ಎಡದಲ್ಲಿ ನಾಲ್ಕು, ನಾಲ್ಕೂ ಹಾರಿದವು. ಖಾಲಿ ಕೇಸು ಬೆರಳಿನಲ್ಲಿ ತೆಗೆದರೆ ಬಂತು.

ಇನ್ನು ಉಳಿದದ್ದು ಮರದ ಹಿಡಿ. ಅಕ್ಕ ಹೇಳಿದ ಹಾಗೆ ಕಬ್ಬಿಣಕ್ಕೆ ಸೇರುವ ಜಾಗ ಎರಡು ಬೆರಳು ಅಗಲ ಕಪ್ಪಾಗಿದೆ, ಉಗುರು ಒತ್ತಿದರೆ ಗುರುತು ಬೀಳುತ್ತದೆ. ಇದಕ್ಕೆ ಮನೆಯಲ್ಲೇ ಏನಾದರೂ ಮಾಡಬಹುದಾ?

ಬಾಳೆಲೆ ಅಕ್ಕ:

ಮಾಡಬಹುದು, ಆದರೆ ಹಿಡಿಯನ್ನು ಅವರ ಕೈಯಲ್ಲೇ ಬಿಚ್ಚಿಸಿ. ಸೀಮೆಸುಣ್ಣದ ನುಣುಪು ಪುಡಿಯನ್ನು ಅಸಿಟೋನ್‌ನಲ್ಲಿ ಕಲಸಿ ದೋಸೆ ಹಿಟ್ಟಿನ ಹದಕ್ಕೆ ತನ್ನಿ, ಕಪ್ಪು ಜಾಗಕ್ಕೆ ದಪ್ಪಗೆ ಹಚ್ಚಿ. ಒಲೆ, ದೀಪ ಯಾವುದೂ ಹತ್ತಿರ ಇರಬಾರದು, ಬಯಲಿನಲ್ಲಿ ಮಾಡಿ. ಒಣಗಿದಾಗ ಪುಡಿ ಹಳದಿಯಾಗುತ್ತದೆ, ಅದು ಎಣ್ಣೆ. ಬ್ರಷ್‌ನಲ್ಲಿ ತೆಗೆದು ಮತ್ತೆ ಹಚ್ಚಿ. ನಮ್ಮದಕ್ಕೆ ಏಳು ಸಲ ಬೇಕಾಯಿತು. ಪುಡಿ ಬಿಳಿಯಾಗೇ ಉಳಿಯುವವರೆಗೆ ಬಿಡಬೇಡಿ. ಹಬ್ಬದೊಳಗೆ ಆಗುವುದಿಲ್ಲ, ಈ ಸಲ ಹಾಗೇ ನೆಲ್ಲಕ್ಕಿ ನಡುಬಾಡೆಯಲ್ಲಿ (ದೀಪ ಇಡುವ ನಡುಮನೆ) ಇಟ್ಟು ತೋಕ್ ಪೂ (ಕೋವಿ ಹೂವು) ಮುಡಿಸಿ, ಬಿಸಿಲು ಬಂದ ಮೇಲೆ ಶುರು ಮಾಡಿ.